ಹಳೆ ಡಾಂಬರು ರಸ್ತೆಯನ್ನು ಇದ್ದಲ್ಲೇ ಅಗೆದು ಹೊಸದು ಮಾಡುವುದು ಹೇಗೆ? ಯರಿ (ಕಪ್ಪು ಮಣ್ಣಿನ) ಭೂಮಿಯ ಜಿಲ್ಲೆಗಳಿಗೊಂದು ಮಾರ್ಗದರ್ಶಿ

ಊರೊಳಗೆ ಹಾದುಹೋಗುವ ಹಳೆ ಡಾಂಬರು ರಸ್ತೆಯ ಪಕ್ಕದ ಮನೆಗಳ ಹೊಸ್ತಿಲು ಗಮನಿಸಿ. ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮನೆ ಕುಸಿದಿಲ್ಲ, ರಸ್ತೆ ಏರಿದೆ. ಕೆಟ್ಟಾಗಲೆಲ್ಲ ಹಳೆಯದರ ಮೇಲೆಯೇ ಹೊಸ ಕಡಿ ಸುರಿದು, ಹೊಸ ಡಾಂಬರು ಹಾಸಿ, ಒಮ್ಮೆ ನಾಲ್ಕಿಂಚು, ಒಮ್ಮೆ ಆರಿಂಚು ಎತ್ತರಿಸುತ್ತ ಬಂದದ್ದರ ಫಲ ಇದು. ಮಳೆ ಬಂದರೆ ನೀರು ಗಟಾರಕ್ಕೆ ಹೋಗದೆ ಪಡಸಾಲೆಗೆ ನುಗ್ಗುತ್ತದೆ. ಅಷ್ಟೆಲ್ಲ ಮಾಡಿಯೂ ಎರಡು ಹಂಗಾಮು ಕಬ್ಬಿನ ಟ್ರ್ಯಾಕ್ಟರ್ ಓಡಾಡಿದವೆಂದರೆ ಮತ್ತೆ ತಗ್ಗು, ಮತ್ತೆ ಧೂಳು.

ಇನ್ನೊಂದು ದಾರಿಯಿದೆ. ಕೆಟ್ಟ ರಸ್ತೆಯನ್ನು ಅದಿರುವ ಜಾಗದಲ್ಲೇ ಯಂತ್ರದಿಂದ ಅಗೆದು, ಪುಡಿ ಮಾಡಿ, ಅದೇ ಸಾಮಗ್ರಿಗೆ ಸಿಮೆಂಟ್ ಅಥವಾ ಬಿಟುಮಿನ್ (ಡಾಂಬರು ರಸ್ತೆಯಲ್ಲಿ ಕಡಿಯನ್ನು ಹಿಡಿದಿಡುವ ಕಪ್ಪು ಅಂಟು) ಬೆರೆಸಿ, ಅಲ್ಲೇ ಹರಡಿ ರೋಲ್ ಮಾಡುವುದು. ಒಂದು ಲೆಕ್ಕ ನೋಡಿ. 3.75 ಮೀಟರ್ ಅಗಲದ ಒಂಟಿ ಪಥದ ರಸ್ತೆಯಲ್ಲಿ ಮೇಲಿನ 20 ಸೆಂ.ಮೀ. ಮಾತ್ರ ಹಿಡಿದರೂ ಕಿಲೋಮೀಟರಿಗೆ 750 ಘನ ಮೀಟರ್ ಆಗುತ್ತದೆ. ತೂಕದಲ್ಲಿ 1,500 ಟನ್ನಿಗೂ ಹೆಚ್ಚು ಕಡಿ. ಅದರ ಮೇಲ್ಭಾಗದ 5 ಸೆಂ.ಮೀ. ಡಾಂಬರು ಪದರವಾಗಿದ್ದರೆ, ಶೇ. 4.5ರ ಲೆಕ್ಕದಲ್ಲಿ ಸುಮಾರು 19 ಟನ್ ಬಿಟುಮಿನ್ ಅದರೊಳಗೇ ಇದೆ. ಒಮ್ಮೆ ದುಡ್ಡು ಕೊಟ್ಟು ಗುಡ್ಡ ಒಡೆಸಿ, ರಿಫೈನರಿಯಿಂದ ಟ್ಯಾಂಕರಿನಲ್ಲಿ ತರಿಸಿದ ವಸ್ತು ಅದು. ಅದನ್ನು ಮುಚ್ಚಿ ಮೇಲೆ ಮತ್ತೊಂದು ಗುಡ್ಡ ಸುರಿಯುವುದು ನನ್ನ ಮನಸ್ಸಿಗೆ ಯಾವತ್ತೂ ಒಪ್ಪಿಲ್ಲ.

ಹೊರದೇಶಗಳಲ್ಲಿ 1973ರ ತೈಲ ಬಿಕ್ಕಟ್ಟಿನ ನಂತರ ಈ ಪದ್ಧತಿ ಬೆಳೆಯಿತು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಐಆರ್‌ಸಿ:120 ಎಂಬ ಕೈಪಿಡಿಯನ್ನೇ ಇದಕ್ಕೆಂದು ಹೊರತಂದಿದೆ. ರಸ್ತೆಯ ದಪ್ಪ ಲೆಕ್ಕ ಹಾಕುವ ಐಆರ್‌ಸಿ:37ರ 2018ರ ಆವೃತ್ತಿಯಲ್ಲೂ ಮರುಬಳಕೆಯ ಪದರಕ್ಕೆ ಜಾಗವಿದೆ. ಉತ್ತರ ಪ್ರದೇಶದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದ ಹಳ್ಳಿ ರಸ್ತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹೀಗೇ ಮಾಡಿದ್ದಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ಮಾಡಬೇಕೆಂದರೆ ಇಲ್ಲಿನ ಮಣ್ಣು, ಇಲ್ಲಿನ ಬಿಸಿಲು, ಇಲ್ಲಿನ ಕಬ್ಬು ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿರಿಯ ಇಂಜಿನಿಯರುಗಳು, ಸಣ್ಣ ಗುತ್ತಿಗೆದಾರರು, ತಮ್ಮೂರ ರಸ್ತೆಯ ಕೆಲಸ ನಿಂತು ನೋಡಬಯಸುವ ಪಂಚಾಯಿತಿ ಸದಸ್ಯರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ಮೊದಲು: ರಸ್ತೆ ಯಾಕೆ ಕೆಟ್ಟಿತು?

ಯಂತ್ರ ಬರುವುದಕ್ಕೂ ಮುಂಚೆಯೇ ಈ ಕೆಲಸದ ಗೆಲುವು-ಸೋಲು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಕೆಟ್ಟ ಕಾರಣ ತಿಳಿಯದೆ ರಸ್ತೆ ಅಗೆದರೆ, ಅದೇ ಕಾರಣ ಹೊಸ ರಸ್ತೆಯನ್ನೂ ತಿನ್ನುತ್ತದೆ.

ಬೆಳಗಿನ ಓರೆ ಬಿಸಿಲಿನಲ್ಲಿ ರಸ್ತೆಯುದ್ದಕ್ಕೂ ನಡೆದು ನೋಡಿ. ಬೈಕಿನಲ್ಲಿ ಹೋದರೆ ತಗ್ಗು ಮಾತ್ರ ಗೊತ್ತಾಗುತ್ತದೆ, ಬಿರುಕಿನ ಜಾತಿ ಗೊತ್ತಾಗುವುದಿಲ್ಲ. ಮೇಲ್ಮೈ ಕಪ್ಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿ, ಕಡಿ ಒಂದೊಂದೇ ಕಿತ್ತು ಬರುತ್ತಿದ್ದರೆ ಬಿಟುಮಿನ್ ಬಿಸಿಲಿಗೆ ಒಣಗಿ ಬಿರುಸಾಗಿದೆ ಎಂದರ್ಥ. ರೋಗ ಮೇಲೆಯೇ ಇದೆ. ಗಾಲಿ ಓಡುವ ಪಟ್ಟಿಯಲ್ಲಿ ಮೊಸಳೆ ಬೆನ್ನಿನಂಥ ಬಿರುಕು ಹರಡಿದ್ದರೆ ಡಾಂಬರು ಪದರ ಭಾರಕ್ಕೆ ದಣಿದಿದೆ, ಅದರ ಕೆಳಗಿನ ಪದರವೂ ಸಾಲುತ್ತಿಲ್ಲ. ಗಾಲಿ ಪಟ್ಟಿ ತಗ್ಗಾಗಿ ಅದರ ಪಕ್ಕ ಉಬ್ಬಿದ್ದರೆ ದೋಷ ಇನ್ನೂ ಕೆಳಗೆ, ಮಣ್ಣಿನಲ್ಲಿದೆ.

ನಾಲ್ಕನೆಯ ಬಗೆಯದು ನಮ್ಮ ಭಾಗದ ವಿಶೇಷ. ರಸ್ತೆಯ ಅಂಚಿಗೆ ಸಮನಾಗಿ, ಅಂಚಿನಿಂದ ಒಂದೆರಡು ಅಡಿ ಒಳಗೆ, ಮಾರುದ್ದ ಸಾಗುವ ಸೀಳು. ಡೋಣಿ ಹೊಳೆ ದಂಡೆಯ ಹೊಲಗಳಲ್ಲಿ ಬೇಸಿಗೆಯಲ್ಲಿ ನೆಲ ಬಾಯಿ ಬಿಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ರಸ್ತೆಯ ನಡುವಿನ ಕೆಳಗೆ ಯರಿ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ; ಅಂಚಿನ ಕೆಳಗಿನದು ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ. ಆ ಎಳೆದಾಟಕ್ಕೆ ಮೇಲಿನ ಪದರ ಸೀಳುತ್ತದೆ. ಎಷ್ಟೇ ಆಳಕ್ಕೆ ಮರುಬಳಕೆ ಮಾಡಿದರೂ ಈ ಸೀಳು ನಿಲ್ಲುವುದಿಲ್ಲ. ಬದಿಗೆ ನೀರು ಇಂಗದ ಹಾಗೆ ಮುರುಮಿನ ಭುಜ ಕಟ್ಟುವುದು, ಗಟಾರ ತೆಗೆಯುವುದು, ಪಕ್ಕದ ಕಬ್ಬಿನ ಗದ್ದೆಗೆ ಬಿಟ್ಟ ನೀರು ರಸ್ತೆಯ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು, ಇವೇ ಅದಕ್ಕೆ ಮದ್ದು. ಘಟಪ್ರಭಾ, ಮಲಪ್ರಭಾ ಕಾಲುವೆ ಹರಿಯುವ ಊರುಗಳಲ್ಲಿ ನಾಲ್ಕು ತಿಂಗಳ ಮಳೆಗಿಂತ ಹನ್ನೆರಡು ತಿಂಗಳ ನೀರಾವರಿಯೇ ರಸ್ತೆಗೆ ಹೆಚ್ಚು ಹಾನಿ ಮಾಡುತ್ತದೆ. ಎಸ್ಟಿಮೇಟಿನಲ್ಲಿ ಗಟಾರಕ್ಕೆ ದುಡ್ಡಿಲ್ಲದಿದ್ದರೆ ಎರಡು ಕಿಲೋಮೀಟರ್ ಬದಲು ಒಂದೂವರೆ ಕಿಲೋಮೀಟರ್ ರಸ್ತೆ ಮಾಡಿ, ಉಳಿದ ದುಡ್ಡು ಗಟಾರಕ್ಕೆ ಹಾಕಿ ಎನ್ನುತ್ತೇನೆ.

ಗುಂಡಿ ತೋಡಿ ನೋಡುವುದು

ಕಿಲೋಮೀಟರಿಗೆ ಎರಡು-ಮೂರು ಕಡೆಯಾದರೂ ಒಂದು ಮೀಟರ್ ಚೌಕದ ಗುಂಡಿ ತೋಡಬೇಕು. ಒಂದು ಚೆನ್ನಾಗಿರುವ ಜಾಗದಲ್ಲಿ, ಒಂದು ತೀರಾ ಕೆಟ್ಟ ಜಾಗದಲ್ಲಿ. ಗಾಲಿ ಪಟ್ಟಿ ಗುಂಡಿಯೊಳಗೆ ಬರುವಂತೆ. ಗುಂಡಿಯ ಗೋಡೆಗೆ ನೀರು ಚಿಮುಕಿಸಿ ತೊಳೆದರೆ ಪದರಗಳು ಬೇರೆಬೇರೆಯಾಗಿ ಕಾಣುತ್ತವೆ. ಹಳ್ಳಿ ರಸ್ತೆಯಲ್ಲಿ ಸಾಮಾನ್ಯವಾಗಿ ಮೇಲೆ ಎರಡು ಸೆಂ.ಮೀ. ಡಾಂಬರು ಕಾರ್ಪೆಟ್, ಅದರ ಕೆಳಗೆ ಮುರುಮು ತುಂಬಿದ ಕಡಿಯ ಒಂದೆರಡು ಪದರ, ಅದರ ಕೆಳಗೆ ಹಳೆಯ ಕಾಲದ ಸೋಲಿಂಗ್ ಕಲ್ಲು (ತಳಕ್ಕೆ ಹಾಸಿದ ದೊಡ್ಡ ಕಲ್ಲು), ಕೊನೆಗೆ ಯರಿ. ಪ್ರತಿ ಪದರದ ದಪ್ಪ ಅಳೆದು ಬರೆದಿಟ್ಟುಕೊಳ್ಳಿ.

ಇಲ್ಲಿ ಎರಡು ವಿಷಯ ಕಣ್ಣಿಟ್ಟು ನೋಡಬೇಕು. ಒಂದು, ಸೋಲಿಂಗ್ ಕಲ್ಲು ಎಷ್ಟು ಆಳದಲ್ಲಿದೆ? ಅಗೆಯುವ ಯಂತ್ರದ ಡ್ರಮ್ಮಿನ ಹಲ್ಲು ಡಾಂಬರು ಮತ್ತು ಕಡಿಯನ್ನು ಸುಲಭವಾಗಿ ಪುಡಿ ಮಾಡುತ್ತದೆ. ತಲೆ ಗಾತ್ರದ ಬಸಾಲ್ಟ್ ಕಲ್ಲು ಸಿಕ್ಕರೆ ಹಲ್ಲು ಮುರಿಯುತ್ತದೆ, ಇಲ್ಲವೇ ಕಲ್ಲು ಇಡಿಯಾಗಿ ಎದ್ದು ಬಂದು ಮಿಶ್ರಣ ಹಾಳಾಗುತ್ತದೆ. ಅಗೆತದ ಆಳ ಸೋಲಿಂಗ್ ಮೇಲೆಯೇ ನಿಲ್ಲಬೇಕು. ಎರಡು, ಕಡಿಯ ಸಂದಿಯೊಳಗೆ ಕಪ್ಪು ಮಣ್ಣು ಮೇಲೇರಿ ಬಂದಿದೆಯೇ? ಬಂದಿದ್ದರೆ ಆ ಪದರ ಹೆಸರಿಗೆ ಮಾತ್ರ ಕಡಿ. ಮಳೆಗಾಲದಲ್ಲಿ ಅದು ಕೆಸರಿನಂತೆಯೇ ನಡೆದುಕೊಳ್ಳುತ್ತದೆ. ಬೆಳಗಾವಿಯ ಪಶ್ಚಿಮಕ್ಕೆ, ಖಾನಾಪುರದ ಕಡೆ ಯರಿಯ ಬದಲು ಜಂಬಿಟ್ಟಿಗೆ ಸಿಗುತ್ತದೆ. ಅದು ಮೆದು ಕಲ್ಲು, ಯಂತ್ರಕ್ಕೆ ಸಿಕ್ಕರೆ ಹುಡಿಹುಡಿಯಾಗುತ್ತದೆ. ಸಿಮೆಂಟಿನೊಂದಿಗೆ ಚೆನ್ನಾಗಿ ಹೊಂದುತ್ತದೆ, ಬಿಟುಮಿನ್ ಮಾತ್ರ ಹೆಚ್ಚು ಕುಡಿಯುತ್ತದೆ.

ಗುಂಡಿಯ ತಳದಲ್ಲಿ ಮಣ್ಣಿನ ಬಲ ನೋಡಲು ಕೋನ್ ಪೆನಿಟ್ರೋಮೀಟರ್ ಸಾಕು. 8 ಕೆ.ಜಿ. ಸುತ್ತಿಗೆ 575 ಮಿ.ಮೀ. ಎತ್ತರದಿಂದ ಬಿದ್ದಾಗ ಒಂದೊಂದು ಏಟಿಗೆ ಕೋನು ಎಷ್ಟು ಮಿ.ಮೀ. ಇಳಿಯಿತು ಎಂದು ಬರೆದುಕೊಳ್ಳುವುದು. ಆದರೆ ಏಪ್ರಿಲ್‌ನಲ್ಲಿ ಒಣಗಿದ ಯರಿ ಕಲ್ಲಿನಂತೆ ಗಟ್ಟಿ ಇರುತ್ತದೆ; ಆಗ ಬಂದ ಅಂಕಿ ನಂಬಿ ಲೆಕ್ಕ ಮಾಡಬೇಡಿ. ಮಣ್ಣಿನ ಮಾದರಿ ಒಯ್ದು ನಾಲ್ಕು ದಿನ ನೀರಿನಲ್ಲಿ ನೆನೆಸಿ ಸಿಬಿಆರ್ (ಮಣ್ಣು ಭಾರ ಹೊರುವ ಬಲದ ಅಳತೆ) ತೆಗೆಸಿ. ನೆನೆದ ಯರಿಯ ಸಿಬಿಆರ್ ಶೇ. 2–3ಕ್ಕೆ ಇಳಿಯುವುದು ಸಾಮಾನ್ಯ. ಅಂಥ ಕಡೆ ಮೇಲಿನ ಕಡಿಯನ್ನೆಲ್ಲ ಬದಿಗೆ ಸರಿಸಿ, ಮಣ್ಣಿಗೆ ಸುಣ್ಣ ಬೆರೆಸಿ ರೋಲ್ ಮಾಡಿ, ಆಮೇಲೆ ಕಡಿಯನ್ನು ವಾಪಸು ಎಳೆದು ಮರುಬಳಕೆಗೆ ತೊಡಗುವುದೇ ಸರಿ. ಖರ್ಚು ಏರುತ್ತದೆ, ನಿಜ. ಬಿಟ್ಟರೆ ಎರಡನೇ ಮಳೆಗಾಲಕ್ಕೆ ಇಡೀ ಖರ್ಚೇ ಮಣ್ಣುಪಾಲು.

ಯಾವ ಪದ್ಧತಿ?

ಇದ್ದಲ್ಲೇ ಮರುಬಳಕೆಯಲ್ಲಿ ಮೂರು ಬಗೆ. ಬಿಸಿ ಪದ್ಧತಿಯಲ್ಲಿ ಹೀಟರುಗಳಿಂದ ಡಾಂಬರನ್ನು ಕಾಯಿಸಿ, ಮೇಲಿನ 2ರಿಂದ 5 ಸೆಂ.ಮೀ. ಕೆದರಿ, ಬಿರುಸಾದ ಬಿಟುಮಿನ್ನಿಗೆ ಮೆದುಗೊಳಿಸುವ ಎಣ್ಣೆ ಸೇರಿಸಿ, ಮತ್ತೆ ಹಾಸುತ್ತಾರೆ. ಕೆಳಗೆ ಎಲ್ಲವೂ ಗಟ್ಟಿಯಿದ್ದು, ಮೇಲೆ ದಪ್ಪನೆಯ ಒಂದೇ ಬಗೆಯ ಡಾಂಬರಿದ್ದರೆ ಮಾತ್ರ ಇದು ಸರಿ. ಪುಣೆ–ಬೆಂಗಳೂರು ಹೆದ್ದಾರಿಯಂಥ ರಸ್ತೆಗೆ ಯೋಚಿಸಬಹುದು. ತೇಪೆಯ ಮೇಲೆ ತೇಪೆ ಬಿದ್ದ ತಾಲೂಕು ರಸ್ತೆಗೆ ಬೇಡ.

ತಣ್ಣನೆ ಪದ್ಧತಿಯಲ್ಲಿ ಕಾಯಿಸುವ ಮಾತಿಲ್ಲ. 7.5ರಿಂದ 10 ಸೆಂ.ಮೀ. ಡಾಂಬರು ಪದರವನ್ನು ಅಗೆದು, ಪುಡಿಗೆ ಬಿಟುಮಿನ್ ಎಮಲ್ಶನ್ (ನೀರಿನಲ್ಲಿ ಬಿಟುಮಿನ್ ಕದಡಿದ ದ್ರವ) ಅಥವಾ ನೊರೆ ಬಿಟುಮಿನ್ ಬೆರೆಸುತ್ತಾರೆ. ನೊರೆ ಬಿಟುಮಿನ್ ಎಂದರೆ 160–180 ಡಿಗ್ರಿಗೆ ಕಾಯಿಸಿದ ಬಿಟುಮಿನ್ನಿಗೆ ಅದರ ತೂಕದ ಶೇ. 2–3ರಷ್ಟು ತಣ್ಣೀರು ಚುಚ್ಚುವುದು. ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಬಿಟುಮಿನ್ ಹತ್ತು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ತೇವದ ಹುಡಿಯ ಮೇಲೆ ಚುಕ್ಕೆಚುಕ್ಕೆಯಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲಾಡಿಸ್ ಸಾನಿ 1956ರಲ್ಲಿ ಹಬೆ ಹಾಯಿಸಿ ಇದನ್ನು ಮಾಡಿ ತೋರಿಸಿದರು. ತಣ್ಣೀರಿನ ಉಪಾಯ ಬಂದದ್ದು ಆಮೇಲೆ, ಆಸ್ಟ್ರೇಲಿಯಾದಲ್ಲಿ.

ಮೂರನೆಯದು ಪೂರ್ಣ ಆಳದ ಮರುಬಳಕೆ, ಸೈಟಿನಲ್ಲಿ ಎಲ್ಲರೂ ಎಫ್‌ಡಿಆರ್ ಎನ್ನುತ್ತಾರೆ. ಡಾಂಬರಿನ ಜೊತೆ ಕೆಳಗಿನ ಕಡಿಯನ್ನೂ ಸೇರಿಸಿ 15ರಿಂದ 30 ಸೆಂ.ಮೀ. ಅಗೆದು ಬೆರೆಸುವುದು.

ನನ್ನ ಅಭಿಪ್ರಾಯ ಇಷ್ಟು: ಎರಡು ಸೆಂ.ಮೀ. ಕಾರ್ಪೆಟ್ಟಿನ ಹಳ್ಳಿ ರಸ್ತೆಗೆ ಸಿಮೆಂಟ್ ಬೆರೆಸಿದ ಎಫ್‌ಡಿಆರ್. ಹಲವು ಸಲ ಡಾಂಬರು ಬಿದ್ದು ಪದರ ದಪ್ಪವಾಗಿರುವ ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿಗೆ ನೊರೆ ಬಿಟುಮಿನ್ ಅಥವಾ ಎಮಲ್ಶನ್. ಸಿಮೆಂಟ್ ಹೆಚ್ಚು ಹಾಕಿದಷ್ಟೂ ರಸ್ತೆ ಗಟ್ಟಿ ಎಂಬ ನಂಬಿಕೆ ಮಾತ್ರ ನಮ್ಮ ನೆಲದಲ್ಲಿ ಬಹಳ ಅಪಾಯಕಾರಿ. ಉಬ್ಬಿ ಕುಗ್ಗುವ ಯರಿಯ ಮೇಲೆ ಬಿರುಸಾದ ಹಾಸು ಬಾಗುವುದಿಲ್ಲ, ಒಡೆಯುತ್ತದೆ.

ತಿಂಗಳು, ನೀರು, ಪೈಪು

ಕಬ್ಬು ನುರಿಸುವ ಹಂಗಾಮು ನವೆಂಬರಿನಿಂದ ಸುಮಾರು ಮಾರ್ಚ್‌ವರೆಗೆ. ಆಗ ಕೆಲಸ ಹಿಡಿದರೆ ಅರ್ಧ ಅಗೆದ ರಸ್ತೆಯ ಮೇಲೆ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಬರುತ್ತವೆ. ಅಚ್ಚಿನ ಮೇಲಿನ ಭಾರ ಒಂದೂವರೆ ಪಟ್ಟು ಆದರೆ ರಸ್ತೆಗೆ ಆಗುವ ಹಾನಿ ಸುಮಾರು ಐದು ಪಟ್ಟು, ಏಕೆಂದರೆ ಹಾನಿ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ. ಹಸಿ ಪದರಕ್ಕೆ ಅದು ತಡೆಯಲಾಗದ ಹೊಡೆತ. ಆದ್ದರಿಂದ ಕಾರ್ಖಾನೆಗಳ ಹೊಗೆ ನಿಂತ ಮೇಲೆ ಶುರು ಮಾಡಿ, ಮೇಲಿನ ಡಾಂಬರು ಹೊದಿಕೆಯೂ ಸೇರಿ ರೋಹಿಣಿ ಮಳೆಯೊಳಗೆ ಮುಗಿಸಬೇಕು. ಸಿಗುವುದು ಎರಡೂವರೆ ತಿಂಗಳು.

ಅದೇ ಹೊತ್ತಿಗೆ ನೀರಿಗೆ ಬರ. 25 ಸೆಂ.ಮೀ. ಆಳಕ್ಕೆ, ಶೇ. 4ರಷ್ಟು ನೀರು ಸೇರಿಸಬೇಕೆಂದರೆ, ಒಂಟಿ ಪಥದ ಒಂದು ಕಿಲೋಮೀಟರಿಗೆ ಸುಮಾರು 79 ಸಾವಿರ ಲೀಟರ್ ಬೇಕು. 5,000 ಲೀಟರಿನ ಟ್ಯಾಂಕರ್ ಹದಿನಾರು. ಆಮೇಲೆ ಏಳು ದಿನ ತೇವ ಕಾಯುವ ನೀರು ಬೇರೆ. ಜನ ಕೊಡ ಹಿಡಿದು ಸಾಲು ನಿಂತಿರುವ ಊರಿನ ಬೋರ್‌ವೆಲ್ಲಿನಿಂದ ಇದನ್ನು ಎತ್ತಬಾರದು. ಮೊದಲೇ ಕೆರೆ, ಕಾಲುವೆ, ಹಳ್ಳ ಯಾವುದು ಎಂದು ಗೊತ್ತು ಮಾಡಿ ಅನುಮತಿ ತೆಗೆದಿಡಿ. ಡೋಣಿ ಕಡೆಯ ನೀರಿನಲ್ಲಿ ಉಪ್ಪು ಹೆಚ್ಚು. ಸಿಮೆಂಟಿಗೆ ಆಗುತ್ತದೋ ಇಲ್ಲವೋ ಲ್ಯಾಬಿನಲ್ಲಿ ಕ್ಲೋರೈಡ್, ಸಲ್ಫೇಟ್ ನೋಡಿಸಿ. ಎಮಲ್ಶನ್ ಬಳಸುವುದಾದರೆ ಅದೇ ನೀರನ್ನು ಒಂದು ಬಾಟಲಿ ಎಮಲ್ಶನ್ನಿಗೆ ಬೆರೆಸಿ, ಗಂಟು ಕಟ್ಟುವುದೇ ಎಂದು ನೋಡಿ.

ಪೈಪಿನ ವಿಷಯಕ್ಕೆ ನಕ್ಷೆ ನಂಬಿ ಕೂಡಬೇಡಿ. ಊರೊಳಗೆ ಮನೆಮನೆ ನಳದ ಪೈಪು ರಸ್ತೆಯನ್ನು ಅಡ್ಡ ಹಾಯ್ದಿರುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ಹೀಗಿರುತ್ತದೆ:

"ಕಾಕಾ, ನಿಮ್ಮ ನಳದ ಪೈಪ ಎಲ್ಲಿಂದ ಹಾಯ್ದೈತ್ರಿ?"

"ಆ ಬೇವಿನ ಗಿಡದ ಮುಂದ ನೋಡ್ರಿ ಸಾಹೇಬ್ರ. ಭಾಳ ಆಳ ಏನ ತಗದಿಲ್ರಿ, ಒಂದ ಗೇಣ ಇರಬೇಕು."

ಒಂದು ಗೇಣು ಎಂದರೆ ಒಂಬತ್ತಿಂಚು. ಯಂತ್ರ ಇಳಿಯುವುದು ಹತ್ತಿಂಚು. ಅಂಥ ಪ್ರತಿ ಜಾಗಕ್ಕೂ ಸುಣ್ಣದ ಗೆರೆ ಎಳೆದು, ಪೈಪನ್ನು ಮೊದಲೇ ಮೂರು ಅಡಿ ಆಳಕ್ಕೆ, ಇನ್ನೊಂದು ದೊಡ್ಡ ಪೈಪಿನೊಳಗೆ ಹಾಯಿಸಿ ಇಳಿಸಬೇಕು. ಫೋನ್ ಕಂಪನಿಗಳ ಕೇಬಲ್ಲಿಗೂ ಇದೇ ಮಾತು.

ಲ್ಯಾಬಿನಲ್ಲಿ

ಮಾದರಿಯನ್ನು ಹಾರೆಯಿಂದ ಕಿತ್ತ ಗಡ್ಡೆಯಾಗಿ ಒಯ್ಯಬೇಡಿ. ಯಂತ್ರ ಪುಡಿ ಮಾಡಿದಾಗ ಸಿಗುವ ಅಳತೆಯೇ ಬೇರೆ. ಸಣ್ಣ ಮಿಲ್ಲಿಂಗ್ ಯಂತ್ರದಿಂದ ಅಗೆದ ಮಾದರಿಯೇ ಬೇಕು. ಜರಡಿ ಹಿಡಿದು 75 ಮೈಕ್ರಾನಿಗಿಂತ ನುಣುಪಾದ ಹುಡಿ ಎಷ್ಟಿದೆ ನೋಡಿ. ನೊರೆ ಬಿಟುಮಿನ್ನಿಗೆ ಅದು ಶೇ. 5ರಿಂದ 20ರೊಳಗೆ ಇರಬೇಕು. ಬರೀ ಡಾಂಬರು ಪುಡಿಯಲ್ಲಿ ಅಷ್ಟಿರುವುದಿಲ್ಲ, ಕ್ರಷರಿನ ಡಸ್ಟ್ ಸೇರಿಸಿ ಸರಿದೂಗಿಸಬೇಕಾಗುತ್ತದೆ. ಮಣ್ಣಿನಂಶ ಸೇರಿ ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣಿನ ಜಿಗುಟುತನದ ಅಳತೆ) 10 ದಾಟಿದ್ದರೆ ಬಿಟುಮಿನ್ ಹಿಡಿಯುವುದಿಲ್ಲ, ಮೊದಲು ಸುಣ್ಣ ಬೇಕು.

ಬಿಟುಮಿನ್ ಪದ್ಧತಿಗೆ ಸಾಮಾನ್ಯವಾಗಿ ಶೇ. 2–3ರಷ್ಟು ನೊರೆ ಬಿಟುಮಿನ್ ಅಥವಾ ಶೇ. 3–5ರಷ್ಟು ನಿಧಾನವಾಗಿ ನೀರು ಬಿಟ್ಟು ಗಟ್ಟಿಯಾಗುವ ಎಮಲ್ಶನ್, ಜೊತೆಗೆ ಶೇ. 1ರಷ್ಟು ಸಿಮೆಂಟ್. ಗಟ್ಟಿತನಕ್ಕೆ ಸೀಳು ಪರೀಕ್ಷೆ ಮಾಡುತ್ತಾರೆ: 100 ಮಿ.ಮೀ. ಬಿಲ್ಲೆ ಒಣಗಿದ್ದಾಗ 225 ಕಿಲೋಪಾಸ್ಕಲ್, ನೆನೆಸಿದ ಮೇಲೆ 100 ಕಿಲೋಪಾಸ್ಕಲ್ ತಡೆಯಬೇಕು. ಇಲ್ಲಿ ನೆನೆಸಿದ ಅಂಕಿಯೇ ಮುಖ್ಯ. ಒಣ ಅಂಕಿ ಮಾತ್ರ ತೋರಿಸುವ ವರದಿಯನ್ನು ಒಪ್ಪಿಕೊಳ್ಳಬೇಡಿ.

ಸಿಮೆಂಟ್ ಎಫ್‌ಡಿಆರ್‌ಗೆ ಐಆರ್‌ಸಿ:37 ಕೇಳುವುದು ಏಳನೇ ದಿನಕ್ಕೆ 4.5ರಿಂದ 7 ಮೆಗಾಪಾಸ್ಕಲ್ ಒತ್ತಡ ತಡೆಯುವ ಬಲ. ಮೇಲಿನ ಮಿತಿ ಇರುವುದು ಸುಮ್ಮನಲ್ಲ. ದಾಟಿದರೆ ಕುಗ್ಗುವ ಬಿರುಕು ಹೆಚ್ಚುತ್ತದೆ. ನೆನೆಸಿ ಒಣಗಿಸುವ ಹನ್ನೆರಡು ಸುತ್ತಿನ ಪರೀಕ್ಷೆಯನ್ನೂ ಬಿಡಬೇಡಿ. ನಮ್ಮ ಹವೆಯಲ್ಲಿ ರಸ್ತೆ ವರ್ಷ ವರ್ಷ ಅನುಭವಿಸುವುದು ಅದನ್ನೇ.

ಅಗೆಯುವ ದಿನ

ಮೊದಲ ದಿನ ನೂರು-ನೂರೈವತ್ತು ಮೀಟರ್ ಮಾತ್ರ ಮಾಡಿ, ಎಲ್ಲ ಅಳತೆಯೂ ಸರಿ ಬಂದ ಮೇಲೆ ಮುಂದುವರಿಯಿರಿ. ಅರ್ಧ ಅಗಲ ಅಗೆದು ಅರ್ಧ ಬಿಟ್ಟರೆ ಹಾಲಿನ ಗಾಡಿ, ಆಂಬ್ಯುಲೆನ್ಸ್ ನಿಲ್ಲುವುದಿಲ್ಲ.

ಸಿಮೆಂಟ್ ಹರಡುವುದನ್ನು ಪಂಚಾಯಿತಿ ಸದಸ್ಯರೂ ನಿಂತು ಅಳೆಯಬಹುದು. 25 ಸೆಂ.ಮೀ. ಆಳದ ಒಂದು ಚದರ ಮೀಟರಿನಲ್ಲಿ ಸುಮಾರು 525 ಕೆ.ಜಿ. ಸಾಮಗ್ರಿ ಇರುತ್ತದೆ, ಶೇ. 4 ಎಂದರೆ 21 ಕೆ.ಜಿ. ಸಿಮೆಂಟ್. 2.4 ಮೀಟರ್ ಅಗಲದ ಒಂದು ಪಟ್ಟಿಯಲ್ಲಿ ಪ್ರತಿ ಮೀಟರ್ ಉದ್ದಕ್ಕೆ 50 ಕೆ.ಜಿ.ಯ ಒಂದು ಚೀಲ ಬಂತು. ಹರಡುವ ಯಂತ್ರ ಇದ್ದರೆ ಅದು ಬರುವ ಮುಂಚೆ ಒಂದು ಮೀಟರ್ ಚೌಕದ ತಾಡಪತ್ರಿಯನ್ನು ದಾರಿಯಲ್ಲಿ ಹಾಸಿಡಿ, ಯಂತ್ರ ದಾಟಿದ ಮೇಲೆ ನಾಲ್ಕು ಮೂಲೆ ಹಿಡಿದೆತ್ತಿ ತಕ್ಕಡಿಗೆ ಹಾಕಿ. 21ರ ಬದಲು 14 ಬಂದರೆ ಅಲ್ಲೇ ಕೆಲಸ ನಿಲ್ಲಿಸಿ. ಗಾಳಿ ಬೀಸುವ ಮಧ್ಯಾಹ್ನ ಸಿಮೆಂಟ್ ಹರಡಬಾರದು. ಅರ್ಧ ಸಿಮೆಂಟ್ ಪಕ್ಕದ ಹೊಲಕ್ಕೆ, ಕೂಲಿಯವರ ಎದೆಗೆ ಹೋಗುತ್ತದೆ. ಅವರಿಗೆ ಮಾಸ್ಕು, ಕೈಗವಸು, ಬೂಟು ಕೊಡದೆ ಕೆಲಸ ಶುರು ಮಾಡಲೇಬಾರದು.

ಅಗೆದು ಬೆರೆಸುವ ಯಂತ್ರ ಹೋದ ಹಿಂದೆಯೇ ಸರಳು ಚುಚ್ಚಿ ಎರಡೂ ಬದಿಯ ಆಳ ನೋಡುತ್ತಿರಿ. ಒಂದು ಪಟ್ಟಿ ಇನ್ನೊಂದರ ಮೇಲೆ 10–15 ಸೆಂ.ಮೀ. ಏರಿರಬೇಕು, ಇಲ್ಲದಿದ್ದರೆ ನಡುವೆ ಅಗೆಯದ ಗೆರೆ ಉಳಿದು ಅಲ್ಲೇ ಬಿರುಕು ಏಳುತ್ತದೆ. ತೇವ ನೋಡಲು ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ. ಹದವಾಗಿ ಕಲಸಿದ ರೊಟ್ಟಿ ಹಿಟ್ಟಿನ ಹಾಗೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು, ಹೆಬ್ಬೆರಳಿನಿಂದ ಒತ್ತಿದರೆ ಎರಡೇ ತುಂಡಾಗಬೇಕು. ಪುಡಿಯಾದರೆ ನೀರು ಕಡಿಮೆ. ಇದು ಲ್ಯಾಬಿಗೆ ಬದಲಿ ಅಲ್ಲ, ಆದರೆ ಆಪರೇಟರಿಗೆ ಆ ಕ್ಷಣವೇ ಹೇಳಲು ಇದಕ್ಕಿಂತ ಬೇಗದ ದಾರಿಯಿಲ್ಲ. 40 ಡಿಗ್ರಿ ಬಿಸಿಲಿನಲ್ಲಿ ಬೆಳಗಿನ ಅಳತೆ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಗಂಟೆಗೊಮ್ಮೆ ನೋಡಿ ನೀರು ಹೆಚ್ಚಿಸಬೇಕು.

ಸಿಮೆಂಟ್ ಬೆರೆತ ಎರಡು ಗಂಟೆಯೊಳಗೆ ರೋಲಿಂಗ್ ಮುಗಿಯಲೇಬೇಕು. ರೋಲರ್ ಕೆಟ್ಟು ನಿಂತಿದ್ದರೆ ಯಂತ್ರವನ್ನೂ ನಿಲ್ಲಿಸಿ. ಮೊದಲು ಪ್ಯಾಡ್‌ಫುಟ್ ರೋಲರ್, ಅದು ತಳದಿಂದ ಒತ್ತುತ್ತ ಮೇಲೆ ಬರುತ್ತದೆ. ಆಮೇಲೆ ಗ್ರೇಡರ್ ಹಾಯಿಸಿ, ನಡುವಿನಿಂದ ಎರಡೂ ಬದಿಗೆ ಶೇ. 2.5–3ರ ಇಳಿಜಾರು ಕೊಟ್ಟು, ನುಣುಪು ಡ್ರಮ್ಮಿನ ವೈಬ್ರೇಟರ್, ಕೊನೆಗೆ ಟೈರ್ ರೋಲರ್. ಗ್ರೇಡರ್ ಎತ್ತರದ ಜಾಗ ಕೆರೆಯಬಹುದು, ಆದರೆ ಒತ್ತಿ ಮುಗಿದ ತಗ್ಗಿಗೆ ತೆಳ್ಳಗೆ ಮಿಶ್ರಣ ಸವರಿ ಮಟ್ಟ ಮಾಡಬಾರದು. ಆ ಪದರ ಹಿಡಿಯುವುದಿಲ್ಲ, ಮೊದಲ ಮಳೆಗೆ ಹಪ್ಪಳವಾಗಿ ಏಳುತ್ತದೆ. ಮರಳು ಸುರಿಯುವ ಪರೀಕ್ಷೆಯಲ್ಲಿ ಸಾಂದ್ರತೆ ಲ್ಯಾಬಿನ ಗರಿಷ್ಠದ ಶೇ. 98 ಬಂದಿರಬೇಕು.

ಕಾಯುವ ದಿನಗಳು, ಹೊದಿಕೆ

ಸಿಮೆಂಟ್ ಪದರವನ್ನು ಏಳು ದಿನ ಒಣಗಗೊಡಬಾರದು. ಗೋಣಿ ತಟ್ಟಿನ ಮೇಲೆ ನೀರು, ಇಲ್ಲವೇ ಮೇಲೆ ಎಮಲ್ಶನ್ ಸಿಂಪಡಿಸಿ ಮುಚ್ಚುವುದು. ನೀರಿಲ್ಲದ ಊರಿಗೆ ಎರಡನೆಯದೇ ವಾಸಿ. ನೊರೆ ಬಿಟುಮಿನ್ ಪದರದ ಮೇಲೆ ಅದೇ ಸಂಜೆ ಹಗುರ ವಾಹನ ಬಿಡಬಹುದು. ಎಮಲ್ಶನ್ನಿನದು ಕಂದು ಬಣ್ಣದಿಂದ ಕಪ್ಪಿಗೆ ತಿರುಗಿ, ಒಳಗಿನ ತೇವ ಶೇ. 2ರ ಆಸುಪಾಸಿಗೆ ಇಳಿಯುವ ತನಕ ಮೇಲೆ ಡಾಂಬರು ಹಾಸಬೇಡಿ. ಒಳಗೆ ಸಿಕ್ಕಿಬಿದ್ದ ನೀರು ಮೇಲಿನ ಪದರವನ್ನು ಬಿಡಿಸುತ್ತದೆ.

ಸಿಮೆಂಟ್ ಪದರಕ್ಕೆ ಸಣ್ಣ ಬಿರುಕು ಬರುವುದು ಸಹಜ. ಅದು ಮೇಲಿನ ಡಾಂಬರಿಗೆ ಹತ್ತದಂತೆ ನಡುವೆ ಬಿರುಕು ತಡೆಯುವ ಪದರ ಬೇಕು: ರಬ್ಬರ್ ಬೆರೆಸಿದ ಬಿಟುಮಿನ್ ಸಿಂಪಡಿಸಿ ಅದರ ಮೇಲೆ ಚಿಪ್ಸ್ ಹರಡಿ ಒತ್ತಿದ ಹೊದಿಕೆ, ಅಥವಾ 10 ಸೆಂ.ಮೀ. ಕಡಿಯ ಪದರ. ದುಡ್ಡು ಉಳಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ. ದಯವಿಟ್ಟು ಬಿಡಬೇಡಿ. ಅದರ ಮೇಲೆ ಮುಖ್ಯ ರಸ್ತೆಗೆ 3–4 ಸೆಂ.ಮೀ. ಬಿಟುಮಿನಸ್ ಕಾಂಕ್ರೀಟ್, ಹಳ್ಳಿ ರಸ್ತೆಗೆ ಕಾರ್ಪೆಟ್ ಮತ್ತು ಸೀಲ್ ಕೋಟ್. ಮರುಬಳಕೆಯ ಪದರವನ್ನು ಬರಿಮೈಯಲ್ಲಿ ಮಳೆಗಾಲಕ್ಕೆ ಬಿಟ್ಟರೆ ದೀಪಾವಳಿಗೆ ಗಾಲಿ ಪಟ್ಟಿಯೇ ಹಳ್ಳ.

ಮುಗಿದ ಮೇಲೆ

ಊರವರು ಕೇಳಿ ಪಡೆಯಬೇಕಾದ ಕಾಗದ ನಾಲ್ಕು: ಗುಂಡಿ ತೋಡಿದ ವಿವರ, ಮಿಶ್ರಣದ ಲ್ಯಾಬ್ ವರದಿ, ದಿನದಿನದ ಸಾಂದ್ರತೆಯ ಪಟ್ಟಿ, ಕೋರ್ (ರಸ್ತೆಯಿಂದ ಕೊರೆದ ಉರುಳೆ) ತೆಗೆದ ವರದಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಕೋರ್ ತೆಗೆಯುವಾಗ ಎದುರು ನಿಲ್ಲಿ. ಉರುಳೆ ಇಡಿಯಾಗಿ ಬಂದು, ಅಡಿಯ ತನಕ ಒಂದೇ ಗಟ್ಟಿಯಿದ್ದರೆ ಕೆಲಸ ಆಗಿದೆ. ಮೇಲೆ ಗಟ್ಟಿ, ಕೆಳಗಿನ ಮೂರಿಂಚು ಸಡಿಲ ಪುಡಿಯಾಗಿ ಉದುರಿದರೆ ಸಿಮೆಂಟ್ ತಳ ಮುಟ್ಟಿಲ್ಲ ಅಥವಾ ರೋಲರಿನ ಒತ್ತು ಸಾಲಲಿಲ್ಲ. ಯಾವ ಕಡೆ, ಎಷ್ಟನೇ ಮೀಟರಿನಲ್ಲಿ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಗುತ್ತಿಗೆದಾರ ರಿಪೇರಿಗೆ ಹೊಣೆಯಾಗಿರುವ ಅವಧಿ ಎಂದಿನವರೆಗೆ ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರೆ ಇನ್ನೂ ಒಳ್ಳೆಯದು.

ಮೊದಲ ದೊಡ್ಡ ಮಳೆ ನಿಂತ ಅರ್ಧ ಗಂಟೆಗೆ ಕೊಡೆ ಹಿಡಿದು ಹೋಗಿ ನೋಡಿ. ನೀರು ಎಲ್ಲಿ ನಿಂತಿದೆಯೋ ಅಲ್ಲಿಗೆ ಸುಣ್ಣದ ಗುರುತು ಹಾಕಿ, ಆ ವಾರವೇ ಗಟಾರಕ್ಕೆ ಕಿಂಡಿ ತೆಗೆಸಿ. ಸೆಪ್ಟೆಂಬರಿನ ಮಳೆ ಮುಗಿದ ಕೂಡಲೇ ಬಿರುಕುಗಳಿಗೆ ಬಿಟುಮಿನ್ ತುಂಬಿಸಿ. ಭುಜದ ಮುರುಮು ಡಾಂಬರಿನ ಅಂಚಿಗಿಂತ ಎರಡಿಂಚು ಕೆಳಗಿಳಿದ ಕಡೆಯೆಲ್ಲ ಹೊಸ ಮುರುಮು ಹಾಕಿ, ನೀರು ಹೊಡೆದು ಒತ್ತಿಸಬೇಕು, ಅದೂ ಅಕ್ಟೋಬರಿನೊಳಗೆ. ನವೆಂಬರಿನಲ್ಲಿ ಎದುರುಬದುರು ಬಂದ ಎರಡು ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಒಂದು ಬದಿಗೆ ಇಳಿಯಲೇಬೇಕು. ಆಗ ಅಂಚಿಗೆ ಆಸರೆ ಇಲ್ಲದಿದ್ದರೆ ಒಡೆಯುವುದು ಅಲ್ಲಿಂದಲೇ.